ಕೆನೆ ಬಣ್ಣದ ಮ್ಯಾಟ್

ಕಾರಿನ ಡ್ರೈವರ್ ಪಕ್ಕದ ಸೀಟಿನ ಮುಂದಿದ್ದ ಮ್ಯಾಟನ್ನು ಅಲುಗಾಡದಂತೆ ಎತ್ತಿ ತಂದು ಟೀಚರ್ ಹಿತ್ತಲ ಕಲ್ಲಿನ ಮೇಲೆ ಹಾಸಿದಳು. ನಲ್ಲಿ ತಿರುಗಿಸಲಿಲ್ಲ. ಮೊದಲು ಮಂಡಿಯೂರಿ, ಕನ್ನಡಕ ಸರಿಮಾಡಿಕೊಂಡು, ಇಂಚಿಂಚೂ ನೋಡಿದಳು. ಪರೀಕ್ಷೆಯಲ್ಲಿ ನಕಲು ಹೊಡೆಯುವ ಮಕ್ಕಳನ್ನು ಕತ್ತಿನ ಓರೆ ನೋಡಿಯೇ ಹಿಡಿಯುವ ಕಣ್ಣು ಅವಳದು. ಆ ಕಣ್ಣಿಗೆ ಮಣ್ಣೆರಚಲು ಗಂಡನಿಂದ ಆದೀತೇ?

ಸಂಶಯ ಹುಟ್ಟಿದ್ದು ಒಂದು ತಿರುಪಿನಿಂದ. ಕಿವಿಯೋಲೆಯ ತಿರುಪು, ಕಾರಿನ ಮುಂದಿನ ಸೀಟಿನಡಿ ಸಿಕ್ಕಿತ್ತು. ಅವಳದಲ್ಲ. ಹಳೆಯ ಮ್ಯಾಟುಗಳು ಕಪ್ಪು. ಯಾರು ಕಾಲಿಟ್ಟು ಹೋದರೂ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಮರುದಿನವೇ ಅವಳು ಬಿಡಿಭಾಗಗಳ ಅಂಗಡಿಗೆ ಹೋದಳು.

"ಕಪ್ಪೇ ತಗೊಳ್ಳಿ ಮೇಡಂ, ಕೊಳೆ ಕಾಣಲ್ಲ," ಎಂದ ಅಂಗಡಿಯವನು.

"ಕಾಣ್ಬೇಕು ನಂಗೆ."

ಹೀಗೆ ಕೆನೆ ಬಣ್ಣದ, ಮೆತ್ತನೆಯ ರಬ್ಬರಿನ ಮ್ಯಾಟುಗಳು ಬಂದವು. ಗಂಡ ಮೂಗು ಮುರಿದ. "ಇದನ್ನ ದಿನಾ ತೊಳೆಯೋರು ಯಾರೇ?"

"ನಾನೇ ತೊಳೀತೀನಿ ಬಿಡಿ. ಓಡ್ಸೋಕಂತೂ ಕೊಡಲ್ಲ, ತೊಳೆಯೋಕಾದ್ರೂ ಕೊಡಿ."

ಅದು ಹಳೆಯ ಗಾಯ. ಡ್ರೈವಿಂಗ್ ಕಲಿಸಿ ಎಂದು ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದಳು. "ನೀನು ಕಲಿಯೋದ್ರೊಳಗೆ ನನ್ನ ಕಾರು ಗುಜರಿಗೆ ಹೋಗುತ್ತೆ" ಎಂದು ನಗುತ್ತಿದ್ದ. ಅವಳ ಕೈಚೀಲದ ಕೊಂಡಿ ಒಮ್ಮೆ ಬಾಗಿಲಿಗೆ ತಾಗಿದ್ದಕ್ಕೆ ವಾರವಿಡೀ ಮುಖ ಊದಿಸಿಕೊಂಡಿದ್ದವನು. ಶಾಲೆಗೆ ಅವಳು ಇಂದಿಗೂ ಬಸ್ಸಿನಲ್ಲಿ ಜೋತುಬಿದ್ದೇ ಹೋಗುತ್ತಿದ್ದಳು. ಈಚೆಗೆ ಮನುಷ್ಯ ಸ್ವಲ್ಪ ಮೆತ್ತಗಾಗಿದ್ದ ಅನ್ನಬೇಕು. ಬಂಪರಿನ ಉದ್ದಕ್ಕೂ ಗೀರು ಬಿದ್ದದ್ದನ್ನು ತೋರಿಸಿದರೆ, "ಹೋಗ್ಲಿ ಬಿಡು, ಕಾರು ಅಂದ್ಮೇಲೆ ಗೀರು ಬೀಳ್ದೇ ಇರುತ್ತಾ" ಅಂದುಬಿಟ್ಟ.

ಅಂದಿನಿಂದ ಸಂಜೆ ಸಂಜೆಯೂ ತಪಾಸಣೆ. ಡ್ರೈವರ್ ಕಡೆಯ ಮ್ಯಾಟನ್ನು ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಕವುಚಿ ಹಾಕಿ ನೀರು ಬಿಟ್ಟು, ಗೋಡೆಗೆ ನಾಲ್ಕು ಸಲ ಬಡಿದರೆ ಮುಗಿಯಿತು. ಅಲ್ಲಿ ಕೂರುವವನು ಗಂಡ ತಾನೇ. ಪಕ್ಕದ ಮ್ಯಾಟಿಗೆ ಮಾತ್ರ ರಾಜೋಪಚಾರ. ಸೋಪಿನ ನೀರು, ಮೆತ್ತನೆಯ ಬಟ್ಟೆ, ಅಂಚಿನ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ನೆರಳಲ್ಲಿ ಒಣಗಿಸಿ, ಒರೆಸಿದ ಸ್ಲೇಟಿನ ಹಾಗೆ ಮತ್ತೆ ಹಾಸುತ್ತಿದ್ದಳು.

ಸ್ಲೇಟಿನ ಮೇಲೆ ಬರಹ ಮೂಡಿತು. ಆದರೆ ಅವಳು ಹುಡುಕಿದ್ದು ಅದಲ್ಲ. ಕಿರಿದಾದ ಪಾದವಿಲ್ಲ, ಚೂಪು ಹಿಮ್ಮಡಿಯಿಲ್ಲ. ಅಗಲವಾದ, ಗಂಡಸಿನ ಶೂ. ಯಾವಾಗಲೂ ಅದೇ. ಬಲಗಾಲನ್ನು ಮುಂದಕ್ಕೆ ಚಾಚಿ ಮತ್ತೆ ಮತ್ತೆ ಒತ್ತಿದ ಗುರುತು. ಅದರ ತುದಿಯಲ್ಲಿ ತ್ರಿಕೋನದಂಥ ಒಂದು ತೇಪೆಯ ಅಚ್ಚು.

"ಕಾರಲ್ಲಿ ಜೊತೆಗೆ ಯಾರ್ರೀ ಬರ್ತಾರೆ?" ಊಟಕ್ಕೆ ಬಡಿಸುತ್ತಾ ಕೇಳಿದಳು.

"ಹೂಂ? ನಮ್ಮ ಆಫೀಸಿನ ಕ್ಯಾಷಿಯರ್. ದಾರೀಲಿ ಇಳಿಸ್ತೀನಿ."

"ಪಾಪ, ಅವ್ರಿಗೆ ನಿಮ್ಮ ಡ್ರೈವಿಂಗ್ ಅಂದ್ರೆ ಭಯ ಇರ್ಬೇಕು. ಬ್ರೇಕ್ ಒತ್ತೋ ಹಾಗೆ ಕಾಲು ಒತ್ಕೊಂಡೇ ಕೂತಿರ್ತಾರೆ."

ಗಂಡ ನೀರಿನ ಲೋಟ ಕೆಳಗಿಟ್ಟು ನಕ್ಕ. "ಪಕ್ಕದಲ್ಲಿ ಕೂತೋರ ಕಷ್ಟ ಕೂತೋರಿಗೇ ಗೊತ್ತು ಕಣೇ."

ಅವಳೂ ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೆನ್ನಿಗೇ ನಾಚಿಕೆ. ತಿರುಪು ಯಾವ ನೆಂಟರದೋ ಏನೋ. ಅಷ್ಟಕ್ಕೇ ಕಟ್ಟಿಕೊಂಡ ಗಂಡನ ಮೇಲೆ ಗೂಢಚಾರಿಕೆ ಮಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಪಶ್ಚಾತ್ತಾಪ ಎಷ್ಟಾಯಿತೆಂದರೆ, ಮುಂದಿನ ಭಾನುವಾರ ಮ್ಯಾಟುಗಳನ್ನು ಹಿತ್ತಲಿಗೆ ತಂದವಳು, ಎಂದೂ ಇಲ್ಲದ್ದು ಅವನ ಶೂಗೂ ಪಾಲಿಶ್ ಹಾಕೋಣವೆಂದು ಕೂತಳು. ಸಾಮಾನ್ಯವಾಗಿ ಅವನೇ ಒರೆಸಿಕೊಳ್ಳುವನು, ಇನ್ನೊಬ್ಬರ ಕೈಗೆ ಕೊಡುವನಲ್ಲ. ಒಳಗೆ ಅವನ ಗೊರಕೆ ಕೇಳಿಸುತ್ತಿತ್ತು.

ಮಣ್ಣು ಕೆರೆಯಲು ಬಲಗಾಲಿನ ಶೂ ತಿರುಗಿಸಿದಳು. ತುದಿ ಸವೆದಿದ್ದಲ್ಲಿ ರಿಪೇರಿಯವನು ಒಂದು ತುಂಡು ರಬ್ಬರ್ ಅಂಟಿಸಿದ್ದ. ತ್ರಿಕೋನ.

ಅವಳು ಆ ಶೂವನ್ನು ಪಕ್ಕದ ಸೀಟಿನ ಮ್ಯಾಟಿನ ಗುರುತಿನ ಮೇಲಿಟ್ಟಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕವುಚಿ ಬಿದ್ದಿದ್ದ ಡ್ರೈವರ್ ಕಡೆಯ ಮ್ಯಾಟನ್ನು ಮೊದಲ ಸಲ ಮಗುಚಿ ನೋಡಿದಳು. ಆಕ್ಸಿಲರೇಟರಿನ ಕೆಳಗೆ ಬರುವ ಜಾಗದಲ್ಲಿ, ಮೆತ್ತನೆಯ ಕೆನೆ ಬಣ್ಣದ ರಬ್ಬರನ್ನು ಚೂಪು ಹಿಮ್ಮಡಿಯೊಂದು ಬೆರಳ ತುದಿಯಷ್ಟು ಕೊರೆದು ಹಾಕಿತ್ತು.

ಗಂಡ ಯಾರಿಗೋ ಡ್ರೈವಿಂಗ್ ಕಲಿಸುತ್ತಿದ್ದ.