ಇಪ್ಪತ್ತೆರಡನೆಯ ಟಿಕೆಟ್

ಆ ಭಾನುವಾರ ವಿಜಯಪುರದಲ್ಲಿ ಒಬ್ಬರು ಕಳೆದುಹೋದರು… ಆದರೆ ಅವರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ.

ಅದು ಬಾಗಲಕೋಟೆಯ ಒಂದು ವಾಕಿಂಗ್ ಗ್ರೂಪ್. ತಿಂಗಳಿಗೊಂದು ಹಳೆಯ ಊರು… ಪೂರ್ತಿ ಕಾಲ್ನಡಿಗೆಯಲ್ಲೇ.

ಮುಂದಾಳು ಈರಣ್ಣ ಮೇಷ್ಟ್ರು, ನಿವೃತ್ತ ಡ್ರಿಲ್ ಮಾಸ್ತರು. ಹೆಸರು ಬರೆದುಕೊಳ್ಳುವ ಅಭ್ಯಾಸ ಅವರಿಗಿಲ್ಲ. ಸಾಲಾಗಿ ನಿಲ್ಲಿಸಿ ಎಣಿಕೆ ಹೇಳಿಸುತ್ತಾರೆ. ಒಂದು, ಎರಡು, ಮೂರು… ಕೊನೆಯವರು ಎಷ್ಟು ಎನ್ನುತ್ತಾರೋ ಅಷ್ಟು ಜನ.

ಬೆಳಿಗ್ಗೆ ರೈಲಿನಿಂದಿಳಿದಾಗ ಎಣಿಕೆ ಇಪ್ಪತ್ತೆರಡಕ್ಕೆ ನಿಂತಿತು.

ಸಾಲಿನಲ್ಲಿ ಎಂಟನೆಯವರು ನೀಲಗಂಗಾ. ವಯಸ್ಸು ಐವತ್ತೆಂಟು. ಬಲ ಮೊಣಕಾಲಿಗೆ ಪಟ್ಟಿ.

ಆರು ವರ್ಷ ಅವರ ಪಕ್ಕದಲ್ಲಿ ನಡೆದವರು ಶಂಕ್ರಮ್ಮ, ಗಂಡನ ಅಣ್ಣನ ಹೆಂಡತಿ. ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಜಗಳಾಡಿ, ಅದೂ ಸಾಕಾಗಿ, ಗೆಳತಿಯರಾದವರು.

ಮೂರು ತಿಂಗಳ ಹಿಂದೆ ಶಂಕ್ರಮ್ಮ ತೀರಿಕೊಂಡರು.

ಈ ಊರಿಗೆ ಬರಬೇಕೆಂದು ಹಟ ಹಿಡಿದಿದ್ದವರೇ ಅವರು. ಕಿವಿ ಮಂದ. ಗೋಳಗುಮ್ಮಟದ ಮೇಲೆ ಗೋಡೆಗೆ ಪಿಸುಗುಟ್ಟಿದರೆ ಎದುರಿನ ತುದಿಯಲ್ಲೂ ಕೇಳುತ್ತದೆ ಎಂದು ಯಾರೋ ಹೇಳಿದ್ದರು. ಅಂದಿನಿಂದ ಅದೇ ಧ್ಯಾನ… ತನ್ನಂಥ ಕಿವುಡಿಗೂ ಅಲ್ಲಿ ಪಿಸುಮಾತು ಕೇಳುತ್ತದೋ ಇಲ್ಲವೋ ನೋಡಿಯೇಬಿಡಬೇಕು.

ಆಸ್ಪತ್ರೆಯ ಹಾಸಿಗೆಯಲ್ಲಿ ನೀಲಗಂಗಾರ ಕೈ ಹಿಡಿದು ಹೇಳಿದ್ದರು. "ನಾ ಬರದಿದ್ರ ನೀ ನಿಲ್ಲಬ್ಯಾಡ ಮತ್ತ. ಪೂರ್ತಿ ನಡಿ. ಮ್ಯಾಲ ಹತ್ತು."

ಅದಕ್ಕೇ ನೀಲಗಂಗಾ ಅವರು ಹೋದ ಮೇಲೆ ಮೊದಲ ಸಲ ಗುಂಪಿನೊಂದಿಗೆ ಬಂದಿದ್ದರು. ಊರ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾದವರೆಗೆ ನಡೆದು ಹೋಗುವುದು, ಸಂಜೆ ತಿರುಗಿ ಬಂದು ಸ್ಟೇಷನ್ ಹತ್ತಿರದ ಗೋಳಗುಮ್ಮಟ ಹತ್ತುವುದು… ಒಂದು ಹೆಜ್ಜೆಯನ್ನೂ ಬಿಡಬಾರದು.

ಇಬ್ರಾಹಿಂ ರೋಜಾದಲ್ಲಿ ಮೇಷ್ಟ್ರು ಇಪ್ಪತ್ತೆರಡು ಟಿಕೆಟ್ ತೆಗೆಸಿದರು. ಗೇಟಿನವನು ಎಲ್ಲರನ್ನೂ ಒಳಗೆ ಬಿಟ್ಟ. ಮೇಷ್ಟ್ರ ಕೈಯಲ್ಲಿ ಒಂದು ಟಿಕೆಟ್ ಉಳಿಯಿತು.

ಅವರ ಮುಖ ಬಿಳಿಚಿಕೊಂಡಿತು. ದಾರಿಯಲ್ಲಿ ಯಾರೋ ತಪ್ಪಿಸಿಕೊಂಡಿದ್ದಾರೆ…

ನೀಲಿ ಟೋಪಿಯ ಹೊಸಬರೊಬ್ಬರು ಇದ್ದರಲ್ಲ ಎಂದರು ಒಬ್ಬರು. ಇಬ್ಬಿಬ್ಬರಾಗಿ ಬಂದ ದಾರಿಯಲ್ಲೇ ಹುಡುಕಲು ಹೊರಟರು. ನೀಲಗಂಗಾರೂ ಕುಂಟುತ್ತಾ ಹೋಗಿ ಚಹಾದಂಗಡಿ, ಹೂವಿನಂಗಡಿಗಳಲ್ಲಿ ವಿಚಾರಿಸಿದರು. ನೀಲಿ ಟೋಪಿಯವರು ಅಷ್ಟರಲ್ಲಿ ರೋಜಾದ ಒಳಗೇ ಫೋಟೋ ತೆಗೆಯುತ್ತಾ ಸಿಕ್ಕಿದ್ದರು.

ಒಂದು ಗಂಟೆ ಹೋಯಿತು. ಸಾಲಿನಲ್ಲಿ ಯಾವಾಗಲೂ ಶಂಕ್ರಮ್ಮನ ಆಚೆ ಬದಿ ನಿಲ್ಲುತ್ತಿದ್ದ ಬಟ್ಟೆ ವ್ಯಾಪಾರಿ ಚನ್ನವೀರಪ್ಪ ಗೊಣಗಿದರು. "ನೀಲಕ್ಕಾರ, ಉಳಿದಿದ್ದು ನಿಮ್ಮ ಮೊಣಕಾಲಿನ ಟಿಕೆಟ್ ಇರಬೇಕು ನೋಡ್ರಿ. ಅದೊಂದs ಹಿಂದ ಬರ್ತೈತಿ."

ಕೆಲವರು ನಕ್ಕರು.

ಮೇಷ್ಟ್ರು ಮತ್ತೆ ಸಾಲು ನಿಲ್ಲಿಸಿದರು. ಐದು… ಆರು… ಏಳು…

"ಎಂಟು. ಒಂಬತ್ತು."

ತಮ್ಮ ದನಿ ತಮ್ಮ ಕಿವಿಗೇ ಬಿದ್ದು ನೀಲಗಂಗಾ ಬೆಚ್ಚಿದರು.

ಶಂಕ್ರಮ್ಮನಿಗೆ ಎಣಿಕೆ ಕೇಳುತ್ತಿರಲಿಲ್ಲ. ಆರು ವರ್ಷ ಇಬ್ಬರದನ್ನೂ ನೀಲಗಂಗಾರೇ ಹೇಳುತ್ತಿದ್ದರು. ನಾಲಿಗೆ ಬೆಳಿಗ್ಗೆಯೂ ಹೇಳಿತ್ತು… ಈಗಲೂ ಹೇಳಿತು. ಎರಡೂ ಸಲ ಪಕ್ಕದ ಚನ್ನವೀರಪ್ಪ ಮೊಬೈಲ್ ನೋಡುತ್ತಲೇ "ಹತ್ತು" ಎಂದಿದ್ದರು.

"ಸರ…" ನೀಲಗಂಗಾ ಸಾಲಿನಿಂದ ಮುಂದೆ ಬಂದರು. "ಯಾರೂ ಕಳದಿಲ್ಲ. ನಾ ಅಕ್ಕನ ನಂಬರನೂ ಹೇಳೇನಿ."

ಮೇಷ್ಟ್ರು ಉಳಿದ ಟಿಕೆಟ್ಟನ್ನು ಅವರ ಕೈಯಲ್ಲಿಟ್ಟರು. ಚನ್ನವೀರಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

ಆದರೆ ಹೋದ ಹೊತ್ತು ತಿರುಗಿ ಬರಲಿಲ್ಲ. ಉಪ್ಪಲಿ ಬುರುಜು, ಗಗನ ಮಹಲು, ಬಾರಾ ಕಮಾನು ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ನೀಲಗಂಗಾರ ಮೊಣಕಾಲು ಊದಿಕೊಂಡಿತ್ತು. ಗುಮ್ಮಟ ಮುಚ್ಚುವ ಮೊದಲು ತಲುಪಬೇಕೆಂದರೆ ಅವರು ಆಟೋ ಹತ್ತುವುದೇ ಒಳ್ಳೆಯದೆಂದು ಮೇಷ್ಟ್ರು ಮೆಲ್ಲಗೆ ಹೇಳಿದರು.

"ನೀವು ಆಟೋದಾಗ ಮುಂದ ಹೋಗ್ರಿ ಸರ. ನಾ ನಡಕೊಂತನs ಬರ್ತೀನಿ. ಬಾಗಿಲಾ ಹಾಕಿದ್ರ… ಬಾಗಿಲತನಕ ಆದ್ರೂ ನಡದೇನಿ ಅಂತ ಅಕ್ಕಗ ಹೇಳ್ತೀನಿ."

ಅಷ್ಟು ಹೇಳಿ ನಡೆಯತೊಡಗಿದರು. ಹಿಂದಿರುಗಿ ನೋಡಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಿಂದೆ ಹೆಜ್ಜೆಗಳ ಸದ್ದು ಕೇಳಿಸಿತು. ಯಾರೂ ಆಟೋ ಹತ್ತಿರಲಿಲ್ಲ… ಎಲ್ಲರೂ ಅವರ ನಡಿಗೆಗೆ ತಮ್ಮ ನಡಿಗೆ ಹೊಂದಿಸಿಕೊಂಡು ಬರುತ್ತಿದ್ದರು.

ಬಾಗಿಲು ಇನ್ನೂ ತೆರೆದಿತ್ತು.

ಮೆಟ್ಟಿಲುಗಳು ಕಡಿದು, ಇಕ್ಕಟ್ಟು. ಒಂದೊಂದು ಮೆಟ್ಟಿಲಿಗೂ ಎಡಗಾಲು ಮೊದಲಿಟ್ಟು, ಬಲಗಾಲನ್ನು ಎಳೆದುಕೊಂಡು… ನೀಲಗಂಗಾ ಹತ್ತಿದರು. ಕೂರಲಿಲ್ಲ. ಕೂತರೆ ಏಳಲಾಗದೆಂದು ಅವರಿಗೆ ಗೊತ್ತಿತ್ತು.

ಮೇಲೆ, ಗುಮ್ಮಟದ ಒಳಸುತ್ತಿನಲ್ಲಿ ಬೇರೆ ಪ್ರವಾಸಿಗರೆಲ್ಲ ಇಳಿದುಹೋಗಿದ್ದರು. ಮೇಷ್ಟ್ರು ಎಲ್ಲರನ್ನೂ ಸಾಲಿನ ಕ್ರಮ ಬಿಡಿಸಿ ಸುತ್ತಲೂ ದೂರದೂರ ನಿಲ್ಲಿಸಿದರು. ಗೋಡೆಗೆ ಮುಖ ಮಾಡಿ ಮೆಲ್ಲಗೆ ಎಣಿಕೆ ಹೇಳಲು ತಿಳಿಸಿದರು.

ಆರು… ಏಳು… ಗೋಡೆಯುದ್ದಕ್ಕೂ ಹರಿದು ಬಂದವು.

"ಎಂಟು," ಎಂದರು ನೀಲಗಂಗಾ.

ತುಟಿ ಬಿಗಿಹಿಡಿದರು. ಬೆಳಗಿನ ತಪ್ಪು ಇನ್ನೊಮ್ಮೆ ಆಗಬಾರದು.



ಆಮೇಲೆ ಗುಮ್ಮಟದ ಎದುರು ತುದಿಯಿಂದ ಒಂದು ಪಿಸುದನಿ ಗೋಡೆ ಹಿಡಿದು ಬಂದು ಅವರ ಕಿವಿ ಮುಟ್ಟಿತು.

"ಒಂಬತ್ತು."

ಸ್ವಲ್ಪ ತಡೆದು, ಅದೇ ದನಿ… "ಹತ್ತು."

ಚನ್ನವೀರಪ್ಪ ಗೋಡೆಗೆ ಹಣೆ ಒತ್ತಿ ನಿಂತಿದ್ದರು.

ನೀಲಗಂಗಾ ಕೈಯಲ್ಲಿದ್ದ ಟಿಕೆಟ್ಟನ್ನು ಎದೆಗೊತ್ತಿಕೊಂಡರು. ಮೂರು ತಿಂಗಳಿಂದ ಬಾರದಿದ್ದ ಕಣ್ಣೀರು ಆಗ ಬಂತು.

ಎಣಿಕೆ ಸುತ್ತು ಮುಗಿಸಿತು.

"ಇಪ್ಪತ್ತೆರಡು," ಎಂದರು ಮೇಷ್ಟ್ರು. "ಎಲ್ಲಾರೂ ಬಂದಾರ."

*

ಹೋದವರನ್ನು ಎಣಿಕೆಯಿಂದ ತೆಗೆಯಬೇಕಿಲ್ಲ… ಅವರ ಪಾಲಿನ ಹೆಜ್ಜೆಯನ್ನೂ ನಾವು ನಡೆದರೆ ಸಾಕು.

ನಿಮ್ಮ ಪಕ್ಕದ ಸಾಲಿನಲ್ಲಿ ಯಾರೋ ಒಬ್ಬರು ತುಟಿ ಬಿಗಿಹಿಡಿದು ನಿಂತಿರಬಹುದು… ಅವರು ನುಂಗಿಕೊಂಡ ಆ ಒಂದು ನಂಬರನ್ನು ನೀವು ಹೇಳುವಿರಾ?