ಎರಡು ಚಿಲಕದ ಬಾಗಿಲು

“ಚಿಲಕ ನನ್ನ ಕಡೆಗೇ ಇರ್ಲಿ ಭಾವ!” ದೊಡ್ಡವ ಕೂಗಿದ.

“ಹಾಗಾದ್ರೆ ಬಾಗಿಲೇ ಬೇಡ, ಗೋಡೆ ಮುಚ್ಚಿಬಿಡಿ!” ಚಿಕ್ಕವ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ.

ಕದ ಕೂರಿಸುತ್ತಿದ್ದ ಬಡಗಿ ಉಳಿ ಕೆಳಗಿಟ್ಟ. ಹೆಂಡತಿಯ ಈ ಇಬ್ಬರು ತಮ್ಮಂದಿರೂ ದರ್ಜಿಗಳು. ದೊಡ್ಡವ ಕೋಟು ಹೊಲಿಯುವವ, ಚಿಕ್ಕವ ಪ್ಯಾಂಟು. ಮಾತು ಬಿಟ್ಟು, ಅಂಗಡಿಯ ನಡುವೆ ಹಲಗೆ ಗೋಡೆ ಎಬ್ಬಿಸಿಕೊಂಡು ಒಂಬತ್ತು ವರ್ಷವಾಗಿತ್ತು. ಒಂದು ಸೂಟು ಬೇಕೆಂದರೆ ಗಿರಾಕಿ ಎದೆಯ ಅಳತೆ ಇಲ್ಲಿ ಕೊಟ್ಟು, ಬೀದಿಗಿಳಿದು ಸುತ್ತಿಕೊಂಡು ಹೋಗಿ ಸೊಂಟದ ಅಳತೆ ಅಲ್ಲಿ ಕೊಡಬೇಕು. ನಿನ್ನೆಯಷ್ಟೇ ರಾಜಿಯಾಗಿತ್ತು. ಬೆಳಿಗ್ಗೆ ಬಾಗಿಲಿಡಲು ಗೋಡೆ ಕೊರೆಯುವಾಗ ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕುಣಿದಾಡಿದ್ದರು. ಅತ್ತ ಅವರ ಅಕ್ಕ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಊಟ ಹಾಕುವ ಸಂಭ್ರಮದಲ್ಲಿ ಒಲೆ ಬಿಟ್ಟು ಕದಲಿರಲಿಲ್ಲ.

“ಅಲ್ರಪ್ಪಾ, ಚಿಲಕ ಯಾಕೆ?” ಬಡಗಿ ಕೇಳಿದ.

“ಇವನನ್ನ ನಂಬೋಕಾಗುತ್ತಾ?” ಇಬ್ಬರೂ ಒಂದೇ ಉಸಿರಿಗೆ ಅಂದರು. ಆ ವಿಷಯದಲ್ಲಿ ಮಾತ್ರ ಎಂಥ ಒಗ್ಗಟ್ಟು!

“ಸರಿ. ಎರಡೂ ಕಡೆ ಒಂದೊಂದು ಹಾಕ್ತೀನಿ.”

ಇಬ್ಬರ ಮುಖವೂ ಅರಳಿತು. ಬಡಗಿ ಚಿಲಕಗಳನ್ನು ಕೈಗೆತ್ತಿಕೊಂಡ. ಮೂವತ್ತು ವರ್ಷದಲ್ಲಿ ಬೇಕೆಂದು ಕೆಲಸ ಕೆಡಿಸಿದವನಲ್ಲ ಅವನು. ಎರಡೂ ಚಿಲಕಗಳನ್ನು ಕದದ ಮೇಲ್ತುದಿಯಲ್ಲಿ, ಸರಳನ್ನು ಮೇಲಕ್ಕೆ ತಳ್ಳುವಂತೆ ಕೂರಿಸಿದ. ತಳ್ಳಿದ ಸರಳು ಕೆಳಗೆ ಜಾರದಂತೆ ಹಿಡಿಯುವ ಕಚ್ಚನ್ನು, ಯಾರೂ ನೋಡದಾಗ, ಅರದಿಂದ ಉಜ್ಜಿ ಉಜ್ಜಿ ಸವೆಸಿಬಿಟ್ಟ.

ಕಾಲು ಗಂಟೆಯೂ ಕಳೆಯಲಿಲ್ಲ.

“ರಾಜಿಗೆ ಮೊದಲು ಒಪ್ಪಿದ್ದು ನಾನು, ನೆನಪಿರ್ಲಿ!” ದೊಡ್ಡವ ಮತ್ತೆ ಶುರು ಮಾಡಿದ.

“ನೀನಾ? ಅಕ್ಕನ ಹತ್ರ ಮೊದಲು ಹೋದವ್ನು ಯಾರು ಕೇಳು ಹೋಗು!”

ಚಿಕ್ಕವ ದಢಾರನೆ ಕದ ಮುಚ್ಚಿ ಚಿಲಕ ಏರಿಸಿ, ಬೆನ್ನು ತಿರುಗಿಸಿ ಎರಡು ಹೆಜ್ಜೆ ನಡೆದ. ಆಚೆಯಿಂದ ದೊಡ್ಡವ ಮೈಯೆಲ್ಲಾ ಸಿಟ್ಟಾಗಿ ಕದಕ್ಕೆ ಹೆಗಲು ಕೊಟ್ಟು ಗುದ್ದಿದ. ಟಣ್! ಸರಳು ಜಾರಿತು, ಕದ ಹಾರಿ ತೆರೆದುಕೊಂಡಿತು, ದೊಡ್ಡವ ಮುಗ್ಗರಿಸಿಕೊಂಡು ಒಳಗೆ ಬಂದ.

“ಅಯ್ಯೋ ಅಣ್ಣಾ, ಬೀಳ್ತೀಯ!” ಚಿಕ್ಕವ ನುಗ್ಗಿ ಬಂದು ಎರಡೂ ಕೈಯಿಂದ ತಬ್ಬಿ ಹಿಡಿದ. ಮರುಕ್ಷಣವೇ ಹಿಡಿದ ಕೈ ಬಿಡದೆಯೇ ಗದರಿದ, “ಏನ್ ಭಾವ ಇದು, ಚಿಲಕ ನಿಲ್ತಾನೇ ಇಲ್ವಲ್ಲ!”

“ನಿಲ್ಲಲ್ಲ,” ಬಡಗಿ ಹಣೆಯ ಬೆವರು ಒರೆಸಿಕೊಂಡ. “ನೀವು ಎಷ್ಟು ಜೋರಾಗಿ ಗುದ್ದಾಡ್ತೀರೋ, ಅಷ್ಟು ಬೇಗ ಬೀಳುತ್ತೆ.”