ನಡೆದ ಮಾರನೇ ದಿನ

"ವೇದಿಕೆವರೆಗೂ ಒಂದ್ಸಲ ನಡೆದು ಬನ್ನಿ ಮೇಡಂ, ಎಲ್ಲರೂ ನೋಡಲಿ," ಎಂದು ಡಾಕ್ಟರ್ ಮೈಕಿನಲ್ಲಿ ಕರೆದಾಗ, ಹಿಂದೆ ಈಜು ಕಲಿಸುತ್ತಿದ್ದ ಆಕೆ ಕುರ್ಚಿ ಹಿಡಿದು ಎದ್ದಳು. ವರ್ಷಗಟ್ಟಲೆ ಬಿಡದ ಸುಸ್ತಿನ ಕಾಯಿಲೆಗೆ ವ್ಯಾಯಾಮವನ್ನು ದಿನದಿನವೂ ಹೆಚ್ಚಿಸುವುದೇ ಮದ್ದು ಎಂಬುದು ಡಾಕ್ಟರ ಸಂಶೋಧನೆ. ಗುಣವಾದವರ ಸಾಲಿಗೆ ಆಕೆಯನ್ನೂ ಸೇರಿಸಿದ್ದರು.

"ಬೇಡ ಕಣಕ್ಕ," ಎಂದು ತಂಗಿ ಕೈ ಎಳೆದಳು. "ಹೋದ ಸಲ ಇವರು ನಡೆಸಿದ್ದಕ್ಕೆ ವಾರವಿಡೀ ಹಾಸಿಗೆ ಬಿಟ್ಟೇಳಲಿಲ್ಲ ನೀನು."

"ಅದನ್ನೇ ಹೇಳೋಕೆ ಹೋಗ್ತಿರೋದು, ಬಿಡು."

ಆಕೆ ನಡೆದಳು. ಸಭೆ ಚಪ್ಪಾಳೆ ತಟ್ಟಿತು. ವೇದಿಕೆ ಹತ್ತಿ ಡಾಕ್ಟರ ಕೈಯಿಂದ ಮೈಕು ತೆಗೆದುಕೊಂಡವಳು ಮೊದಲು ಕುಳಿತು, ಆಮೇಲೆ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. ಚಪ್ಪಾಳೆ ನಿಂತಿತು. ಯಾರೋ ನೀರು ತರಲು ಓಡಿದರು.

"ಗಾಬರಿ ಬೇಡ, ತಲೆಗಿಲೆ ತಿರುಗಿಲ್ಲ," ಎಂದಳು. "ನಿಮ್ಮ ಹತ್ರ ಯಾವಾಗ್ಲೂ ನಡ್ಕೊಂಡೇ ಬರ್ತೀನಿ ಡಾಕ್ಟ್ರೇ. ನಡೆಯೋಕಾಗದ ದಿನ ಬರೋದೇ ಇಲ್ವಲ್ಲ, ನೀವು ನೋಡೋದಾದ್ರೂ ಹೇಗೆ? ಅವತ್ತು ನಾನಿರೋದು ಹೀಗೆ. ನಮ್ಮನೆಯವರೇ ತಲೆ ಬಾಚ್ತಾರೆ. ಜಡೆ ಹಾಕೋಕೆ ಬರಲ್ಲ ಪಾಪ, ಹಗ್ಗ ಹೊಸೆದ ಹಾಗೆ ಹೊಸೀತಾರೆ."

ಕೆಲವರು ನಕ್ಕರು. ಗಾಲಿಕುರ್ಚಿಯಲ್ಲಿದ್ದ ಒಬ್ಬರು ಮಾತ್ರ ನಗದೆ ತಲೆಯಾಡಿಸಿದರು.

ಡಾಕ್ಟರ್ ಪರದೆಯ ಮೇಲೆ ಏರುತ್ತಾ ಹೋಗಿದ್ದ ಚೇತರಿಕೆಯ ಗೆರೆಯತ್ತ ಎತ್ತಿದ ಕೈಯನ್ನು ಕೆಳಗಿಳಿಸಿದರು. ಆಮೇಲೆ ಕೋಟಿನ ಗುಂಡಿ ಬಿಚ್ಚಿ, ಆಕೆಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಆಕೆಯ ಕೈ ಸೋಲದಂತೆ ಮೈಕನ್ನು ತಾವೇ ಹಿಡಿದುಕೊಂಡರು.

"ಹೇಳಿ," ಎಂದರು. "ನಡೆದ ಮಾರನೇ ದಿನ ಏನಾಗುತ್ತೆ?"